ಏಳನೇ ಮಡಿ

ಮಲೇಬೆನ್ನೂರಿನಾಚೆ, ನಾಲೆ ಸಣ್ಣಗಾಗಿ
ತೂಬಿನ ಬಾಯಲ್ಲಿ ಗೊಣಗುವ ಜಾಗ.
ಎರೆಮಣ್ಣು. ಹಿಸುಕಿದರೆ ಬೆರಳ ಸಂದಿಗೆ
ಸುಣ್ಣದ ಹರಳು.
ಅಲ್ಲಿ ಹನ್ನೆರಡು ಮಡಿ,
ಐದು ಮೀಟರು ಉದ್ದ, ನಾಲ್ಕು ಅಗಲ,
ಮೂಲೆಗೊಂದು ಗೂಟ, ಗೂಟಕ್ಕೊಂದು ತಗಡು.
ನನ್ನ ಕೆಲಸ ಎಣಿಸುವುದು.
ಮಡಿಗೆ ಹತ್ತು ಬುಡ, ಬುಡಕ್ಕೆಷ್ಟು ತೆಂಡೆ.
ದಿನಕ್ಕೆ ನಾನೂರೈವತ್ತು, ಊಟ ನಂದೇ.

ಸಾಹೇಬರು ತೂಗಿ ಕೊಟ್ಟ ಪೊಟ್ಟಣ,
ಸತುವಿನ ಸಲ್ಫೇಟು, ಸಕ್ಕರೆಯಷ್ಟು ಬೆಳ್ಳಗೆ.
ಕೆಲವಕ್ಕೆ ಇಪ್ಪತ್ತೈದು ಗ್ರಾಂ, ಕೆಲವಕ್ಕೆ ಐವತ್ತು,
ಕೆಲವಕ್ಕೆ ಎಪ್ಪತ್ತೈದು.
ಮರಳಲ್ಲಿ ಕಲಸಿ ಎರಚಿದೆವು.
"ಡಿಎಪಿ ಜತೆ ಬೆರೆಸಬೇಡ, ಒಂದನ್ನೊಂದು ಕಚ್ಚಿ
ಕಲ್ಲಾಗಿ ಕೂರುತ್ತವೆ, ಬೇರಿಗೆ ಸಿಗೋದಿಲ್ಲ."
ಒಂದು, ಏಳು, ಹತ್ತು,
ಈ ಮೂರಕ್ಕೆ ಏನೂ ಇಲ್ಲ.
ಹೋಲಿಕೆಗೆ, ಅಂದರು.

ನಾಟಿಯಾಗಿ ಇಪ್ಪತ್ತನೇ ದಿನ
ಆ ಮೂರರ ಕೆಳಗರಿಗಳಿಗೆ ತುಕ್ಕು ಹತ್ತಿತು,
ಹಳೇ ಸೈಕಲ್ಲಿನ ಮಡ್‌ಗಾರ್ಡಿನ ಹಾಗೆ.
ಎಳೆಗರಿಯ ಬುಡದಲ್ಲಿ ನಡುನರ ಬಿಳಿಚಿತು.
ಹಿಮ್ಮಡಿ ಮುಳುಗುವಷ್ಟು ನೀರಿತ್ತು,
ಯೂರಿಯಾ ಎಲ್ಲರ ಸಮಕ್ಕೂ ಉಂಡಿದ್ದವು,
ಆದರೂ ಏಳು, ಆರು, ಮತ್ತೆ ಆರು.
ಬದು ದಾಟಿದರೆ ಎಂಟನೇ ಮಡಿಯಲ್ಲಿ ಹನ್ನೆರಡು.

ಗದ್ದೆ ಹಾಲೇಶಪ್ಪನದು.
ಬದುವಿನ ಮೇಲೆ ಅವನ ತಾಯಿ, ಗುತ್ಯಮ್ಮಜ್ಜಿ.
"ಏನವ್ವ ಲೆಕ್ಕದ ಹುಡುಗಿ, ಇವಕ್ಕೇನಾಗೈತಿ?"
"ಸತುವಿಲ್ಲಜ್ಜಿ."
"ಸತುವಿಲ್ಲ ಅಂತ ನೋಡಿದ್ರ ಗೊತ್ತಾಗ್ತೈತಿ,
ಯಾಕಿಲ್ಲ ಅಂತ ಕೇಳ್ದೆ."
ನಾನು ಹೇಳಿದೆ: ಅದೊಂದು ಲೋಹ,
ತಗಡಿನ ಬಕೀಟಿನ ಮೈಗೆ ಬಳಿದಿರುತ್ತಲ್ಲ, ಅದೇ.
ಅಜ್ಜಿ ನಕ್ಕಳು. ಬಕೀಟು ತಿನ್ನೋ ಭತ್ತ!
ಆಮೇಲೆ ನಗಲಿಲ್ಲ.
"ಒಂದೇ ಪಂಕ್ತಿಗೆ ಕುಂದ್ರಿಸಿ
ಮೂರು ಎಲೆಗೆ ಬಡಿಸದಂಗ ಹೋದ್ರಾ?"
"ಹೋಲಿಕೆಗೆ, ಅಜ್ಜಿ."
"ಹಸಿದೋರ ಪಕ್ಕ ಇಟ್ಟು ಉಂಡೋರ್ನ ಅಳೀತೀರಾ?"
ನಾನು ಪುಸ್ತಕ ಎತ್ತಿಕೊಂಡು
ಒಂಬತ್ತನೇ ಮಡಿಗೆ ಇಳಿದೆ.

ನಲವತ್ತೈದನೇ ದಿನ, ಏಳನೇ ಮಡಿ:
ಹನ್ನೊಂದು, ಹನ್ನೆರಡು, ಹನ್ನೊಂದು.
ಮತ್ತೆ ಎಣಿಸಿದೆ. ಮೊದಲ ಬುಡದಿಂದ ಎಣಿಸಿದೆ.
ಹೊಸಗರಿಯ ಹಸಿರಿನಲ್ಲಿ ಒಂದು ಕಲೆಯಿಲ್ಲ.
ಒಂದು ಮತ್ತು ಹತ್ತು ಹಾಗೇ ಕುಗ್ಗಿ ನಿಂತಿದ್ದವು.
ಬದುವಿನ ಕೆಸರಿನಲ್ಲಿ ಒಣಗಿ ಅಚ್ಚಾದ ಹೆಜ್ಜೆ,
ಕಿರುಬೆರಳಿಲ್ಲದ ಬಲಗಾಲು.
ಅದು ಯಾರದೆಂದು ಊರಿಗೇ ಗೊತ್ತು.

"ಎಷ್ಟು ಹಾಕಿದೆ ಅಜ್ಜಿ?"
"ಒಂದು ಹಿಡಿ. ಚೀಲದಾಗ ಉಳಿದಿತ್ತು."
(ಐವತ್ತು ಗ್ರಾಂ ಇದ್ದೀತು. ಮುದುಕಿಯ ಹಿಡಿ ಸಣ್ಣದು.)
"ಮತ್ತೆ ಒಂದಕ್ಕೆ? ಹತ್ತಕ್ಕೆ?"
"ನಾಯಿ ಬೊಗಳಿತು. ಹಾಲೇಶ ಎದ್ದ.
ಏಳು ದಾರೀಗೆ ಹತ್ರ ಇತ್ತು."
ಇಷ್ಟು ಹೇಳಿ, ದೂರದ ಆ ಎರಡನ್ನು
ನೋಡದ ಹಾಗೆ ಕೂತಳು.

ಪುಸ್ತಕದಲ್ಲಿ ಕಂಡಷ್ಟನ್ನೇ ಬರೆದೆ.
ಷರಾ ಕಲಮಿನಲ್ಲಿ ಒಂದೇ ಮಾತು: ಅಜ್ಜಿ.
ಸಾಹೇಬರು ಓದಿದರು, ಕನ್ನಡಕ ತೆಗೆದರು,
ಒರೆಸಿ ಹಾಕಿಕೊಂಡು ಮತ್ತೆ ಓದಿದರು.
"ಏಳನ್ನು ಬಿಟ್ಟುಬಿಡಿ."

ಕೊಯ್ಲಿನ ದಿನ ಹನ್ನೊಂದು ಮಡಿ ತೂಗಿದೆವು.
ಐವತ್ತು ಉಂಡದ್ದು ಹನ್ನೊಂದು ಕಿಲೋ ಚಿಲ್ಲರೆ,
ಎಪ್ಪತ್ತೈದು ಉಂಡದ್ದೂ ಹನ್ನೊಂದೇ;
ಹೊಟ್ಟೆ ತುಂಬಿದ ಮೇಲೆ ಬಡಿಸಿದ್ದು ಎಲೆಯಲ್ಲೇ ಉಳಿಯಿತು.
ಉಪವಾಸದವು ಎಂಟೂವರೆ ದಾಟಲಿಲ್ಲ, ಜೊಳ್ಳು ಬೇರೆ.
ಏಳರದ್ದು ತಕ್ಕಡಿ ಹತ್ತಲಿಲ್ಲ.
ಅಜ್ಜಿ ಗೋಣಿಗೆ ಸುರಿದುಕೊಂಡು ಹೋದಳು.
ಪುಟದಲ್ಲಿ ಆ ಜಾಗಕ್ಕೆ ಒಂದು ಅಡ್ಡಗೆರೆ.

ತಿಂಗಳಾದ ಮೇಲೆ ಉಳಿದ ಕೂಲಿಗೆಂದು ಹೋದೆ.
ಭಟ್ಟಿಯವರ ಕೈಕಾಲು ಹಿಡಿದು ಹುರಿಸಿದ ಮಂಡಕ್ಕಿ,
ಒಂದು ಮೊರ ತಂದಿಟ್ಟಳು.
ಸೋನ ಅಷ್ಟಾಗಿ ಅರಳುವುದಿಲ್ಲ, ಅರ್ಧ ಗಟ್ಟಿ,
ಹಸಿಮೆಣಸು, ಒಂದು ಚೂರು ಕೊಬ್ಬರಿ.
"ನಂದು ಎಷ್ಟಾಯ್ತಂತೆ?"
"ಗೆರೆ ಎಳೆದಾರೆ ಅಜ್ಜಿ."
"ಎಳೀಲಿ ಬಿಡು. ತಿನ್ನು.
ಎಣಿಸಬ್ಯಾಡ ಮತ್ತೆ."
ತಿಂದೆ.
ಮೂವತ್ತೇಳರವರೆಗೆ ನೆನಪಿದೆ,
ಆಮೇಲೆ ತಪ್ಪಿತು.